ಸ್ಕೀ ಜಂಪಿಂಗ್ ನೋಡೋಕೆ ಹೋಗೋರು ದಯವಿಟ್ಟು ಓದಿ, ಗುರುತಿಲ್ಲದೋರ ಹತ್ರ ಟಿಕೆಟ್ ತಗೋಬೇಡಿ

ಮತ್ತೆ ಅದೇ ಮೆಸೇಜ್‌ಗಳು ಓಡಾಡೋಕೆ ಶುರು ಆಗಿವೆ, "ಎರಡು ಟಿಕೆಟ್ ಇದೆ, ನಮಗೆ ಹೋಗೋಕಾಗ್ತಿಲ್ಲ, ಕೊಂಡ ರೇಟಿಗೇ ಕೊಡ್ತೀವಿ" ಅಂತ. ಹೋದ ಸಲ ನಾನೂ ಇಂಥದ್ದೇ ಮೆಸೇಜ್ ನಂಬಿ ದುಡ್ಡು ಕಳಿಸಿದ್ದೆ, ಅದಕ್ಕೇ ಇದನ್ನ ಬರೀತಿದೀನಿ.

ಗೊತ್ತಿಲ್ದೋರಿಗೆ ಹೇಳೋದಾದ್ರೆ ಇದು ಫೋರ್ ಹಿಲ್ಸ್ ಟೂರ್ನಮೆಂಟ್, ಸ್ಕೀ ಜಂಪಿಂಗ್‌ದು, ಅಂದ್ರೆ ಕಾಲಿಗೆ ಸ್ಕೀ ಕಟ್ಕೊಂಡು ಎತ್ತರದ ಇಳಿಜಾರಿಂದ ಜಾರಿ ಬಂದು ದೂರ ಹಾರೋ ಸ್ಪರ್ಧೆ, ಜರ್ಮನಿಲಿ ಓಬರ್ಸ್ಟ್‌ಡಾರ್ಫ್ ಮತ್ತೆ ಗಾರ್ಮಿಶ್, ಆಸ್ಟ್ರಿಯಾದಲ್ಲಿ ಇನ್ಸ್‌ಬ್ರುಕ್ ಮತ್ತೆ ಬಿಶೊಫ್ಸ್‌ಹೋಫನ್, ಡಿಸೆಂಬರ್ ಕೊನೇಲಿ ಶುರುವಾಗಿ ಜನವರಿ 6ಕ್ಕೆ ಮುಗಿಯುತ್ತೆ. ಗಾರ್ಮಿಶ್‌ದು ಯಾವಾಗ್ಲೂ ಜನವರಿ 1ನೇ ತಾರೀಖು. ಹೋದ ಸಲ ನಾವು ಐದು ಜನ ಮ್ಯೂನಿಕ್‌ನಿಂದ ರೈಲಲ್ಲಿ ಅಲ್ಲಿಗೆ ಹೋಗೋದು ಅಂತ ಮಾತಾಯ್ತು. ಆಯೋಜಕರ ಸೈಟಲ್ಲಿ ಮೂರು ಟಿಕೆಟ್ ಸಿಕ್ತು, ಇನ್ನೆರಡು ತಗೊಳ್ಳೋ ಅಷ್ಟ್ರಲ್ಲಿ ಖಾಲಿ. ಆ ಎರಡನ್ನ ನಾನೇ ಒಬ್ಬ ಅಪರಿಚಿತನ ಹತ್ರ 90 ಯೂರೋ ಕೊಟ್ಟು ತಗೊಂಡೆ. ಅವನು ಪಿಡಿಎಫ್ ಕಳಿಸ್ದ, ನಮ್ಮ ಮೂರು ಟಿಕೆಟ್ ಜೊತೆ ಇಟ್ಟು ನೋಡ್ದೆ, ಲೋಗೋ, ಬ್ಲಾಕ್ ನಂಬರ್, ಕ್ಯೂಆರ್ ಕೋಡ್, ಎಲ್ಲಾ ಒಂದೇ ತರ ಇತ್ತು, ಒಂಚೂರೂ ವ್ಯತ್ಯಾಸ ಇರ್ಲಿಲ್ಲ.

ವ್ಯತ್ಯಾಸ ಇರಲ್ಲ, ಯಾಕಂದ್ರೆ ಅದು ಅಸಲಿ ಟಿಕೆಟ್ಟೇ ಇರಬಹುದು. ಒಂದೇ ಪಿಡಿಎಫ್‌ನ ಹತ್ತು ಜನಕ್ಕೆ ಮಾರಬಹುದು, ಗೇಟಲ್ಲಿ ಯಾರು ಮೊದ್ಲು ಸ್ಕ್ಯಾನ್ ಮಾಡಿಸ್ತಾರೋ ಅವರು ಒಳಗೆ, ಉಳಿದ ಒಂಬತ್ತು ಜನ ಹೊರಗೆ. ಅದಕ್ಕೆ ಟಿಕೆಟ್ ನೋಡೋಕೆ ಸರಿಯಾಗಿದೆ ಅನ್ನೋದನ್ನ ನಂಬ್ಕೊಂಡು ದುಡ್ಡು ಕಳಿಸ್ಬೇಡಿ.

ಗೇಟಲ್ಲಿ ನಾನು ಮೊದ್ಲು ಹೋದೆ, ಹಸಿರು ಬಂತು. ಹಿಂದೆ ಇನ್ನಿಬ್ರು, ಅವರದ್ದೂ ಹಸಿರು. ಆಮೇಲೆ ನಮ್ಮ ಗೆಳತಿ ಫೋನ್ ಹಿಡಿದ್ಲು, ಸ್ಕ್ಯಾನರ್ ಬೇರೆ ತರ ಸೌಂಡ್ ಮಾಡ್ತು. "ಲೋ, ನನ್ದು ಕೆಂಪು ತೋರಿಸ್ತಿದೆ ಕಣೋ" ಅಂದ್ಲು. ಗೇಟಲ್ಲಿದ್ದೋರು ಇನ್ನೊಂದ್ಸಲ ಮಾಡಿ ನೋಡಿ, ಆ ಮಶೀನನ್ನ ಅವಳ ಕಡೆ ತಿರುಗಿಸಿ ತೋರಿಸಿದ್ರು, ಅದೇ ಕೋಡ್ 12:41ಕ್ಕೆ ಆಗ್ಲೇ ಒಳಗೆ ಹೋಗಿದೆ. ಐದನೇದೂ ಹಂಗೇ.

ಇಲ್ಲಿ ನಾನು ಮಾಡಿದ ತಪ್ಪು ಎರಡನೇದು, ಇದನ್ನ ಯಾರೂ ಮೊದ್ಲೇ ಹೇಳಲ್ಲ. ಡೌಟ್ ಇರೋ ಟಿಕೆಟ್‌ನ ಮೊದ್ಲು ಸ್ಕ್ಯಾನ್ ಮಾಡಿಸ್ಬೇಕಿತ್ತು. ಹಂಗೆ ಮಾಡಿದ್ರೆ ನನ್ನ ಟಿಕೆಟ್ ಅವಳಿಗೆ ಕೊಟ್ಟು ನಾನು ಹೊರಗೆ ಉಳೀಬಹುದಿತ್ತು. ನಮ್ಮೈದು ಜನರಲ್ಲಿ ಜಪಾನಿನ ಜಂಪರ್ ಕೊಬಯಾಶಿ ಹಾರೋದನ್ನ ಕಣ್ಣಾರೆ ನೋಡ್ಬೇಕು ಅಂತ ವರ್ಷಗಟ್ಲೆ ಕಾದಿದ್ದೋಳು ಅವಳೊಬ್ಳೇ, ನಾವು ಉಳಿದೋರು ಜೊತೆಗೆ ಹೋಗಿದ್ದು ಅಷ್ಟೇ. ನನ್ದು ಸ್ಕ್ಯಾನ್ ಆಗ್ಬಿಟ್ಟಿತ್ತು, ಇನ್ನು ಯಾರಿಗೂ ಉಪಯೋಗ ಇಲ್ಲ. ನಾನು ವಾಪಸ್ ಹೊರಗೆ ಬಂದೆ.

ಹೊರಗಿನ ರಸ್ತೆಯಿಂದ ಜಂಪ್ ಟವರ್‌ನ ಮೇಲ್ಭಾಗ ಕಾಣ್ಸುತ್ತೆ. ಜಂಪರ್ ಜಾರೋಕೆ ಮುಂಚೆ ಕೂರೋ ಅಡ್ಡ ಬಾರ್ ಮೇಲೆ ಬಂದು ಕೂರೋದು ಕಾಣ್ಸುತ್ತೆ, ಕೈ ಬಿಟ್ಟು ಜಾರೋದು ಕಾಣ್ಸುತ್ತೆ, ಹಾರೋ ಹೊತ್ತಿಗೆ ಮರ, ಜನ, ಸ್ಟ್ಯಾಂಡ್ ಎಲ್ಲ ಅಡ್ಡ. ಒಳಗಿಂದ ಸಾವಿರಾರು ಜನ "ತ್ಸೀಈಈ" ಅಂತ ಕೂಗೋದು ಮಾತ್ರ ಕೇಳ್ಸುತ್ತೆ, ಜರ್ಮನ್‌ನಲ್ಲಿ ಎಳಿ ಎಳಿ ಅನ್ನೋ ಅರ್ಥದ್ದು. ಆ ಕೂಗು ಎಷ್ಟುದ್ದ ಇದೆ ಅನ್ನೋದ್ರಲ್ಲೇ ಎಷ್ಟು ದೂರ ಹಾರಿರಬಹುದು ಅಂತ ಅವಳು ಅಂದಾಜು ಮಾಡ್ತಿದ್ಲು. ಮೊದಲ ರೌಂಡಲ್ಲಿ 50 ಜನ, ಇಬ್ಬಿಬ್ಬರ ಜೋಡಿ, ಗೆದ್ದ 25 ಮತ್ತೆ ಸೋತೋರಲ್ಲಿ ಚೆನ್ನಾಗಿ ಹಾರಿದ 5 ಜನ ಎರಡನೇ ರೌಂಡಿಗೆ. ಅವಳಿಗೆ ಜೋಡಿಗಳೆಲ್ಲ ಬಾಯಿಪಾಠ. ಅವಳು ನನ್ಮೇಲೆ ಒಂದು ಮಾತೂ ಆಡ್ಲಿಲ್ಲ, ನನಗೆ ಅದೇ ಜಾಸ್ತಿ ಸಂಕಟ ಆಯ್ತು.

ಹೊರಗೆ ನಮ್ಮ ತರದೋರು ಇನ್ನೂ ಇದ್ರು. ಮಕ್ಕಳ ಜೊತೆ ಬಂದಿದ್ದ ಒಂದು ಫ್ಯಾಮಿಲಿಗೆ 31ನೇ ತಾರೀಖಿನ ಕ್ವಾಲಿಫಿಕೇಶನ್, ಅಂದ್ರೆ ಸ್ಪರ್ಧೆಗೆ ಯಾರ್ಯಾರು ಅಂತ ಆರಿಸೋ ಸುತ್ತಿನ ಟಿಕೆಟ್‌ನ 1ನೇ ತಾರೀಖಿನ ಸ್ಪರ್ಧೆ ಟಿಕೆಟ್ ಅಂತ ಮಾರಿದ್ರಂತೆ. ಕ್ವಾಲಿಫಿಕೇಶನ್‌ಗೆ ಬೇರೆ ಟಿಕೆಟ್, ಸ್ಪರ್ಧೆಗೆ ಬೇರೆ, ಆದ್ರಿಂದ ಡೇಟ್ ಓದಿ ತಗೊಳ್ಳಿ.

ಇನ್ನೊಂದು ವಿಷಯ, ಚಳಿ ಮತ್ತೆ ಫೋನು. ನಾವು ಐದೂ ಜನಕ್ಕೆ ಸೇರಿಸಿ ಒಂದೇ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗೆ ಓಡಾಡೋಕೆ ಗುಂಪಿಗೆ ಸಿಗೋ ಒಂದು ದಿನದ ರೈಲು ಟಿಕೆಟ್) ತಗೊಂಡಿದ್ವಿ, ಅದ್ರಲ್ಲಿ ಎಲ್ಲರ ಹೆಸರೂ ಇರುತ್ತೆ, ಒಟ್ಟಿಗೇ ಪ್ರಯಾಣ ಮಾಡ್ಬೇಕು. ಅದು ಒಳಗಿದ್ದ ಒಬ್ಬನ ಫೋನಲ್ಲಿತ್ತು. ಚಳಿಗೆ ಬ್ಯಾಟರಿ ಒಳಗಿನ ಕೆಮಿಕಲ್ ರಿಯಾಕ್ಷನ್ ನಿಧಾನ ಆಗುತ್ತೆ, 30 ಪರ್ಸೆಂಟ್ ಇದ್ದ ಫೋನು ವಿಡಿಯೋ ಮಾಡ್ತಾ ಮಾಡ್ತಾನೇ ಆಫ್ ಆಯ್ತು. ಅವನಿಗೆ ಕಾಲ್ ಮಾಡಿದ್ರೆ ಹೋಗ್ತಿಲ್ಲ, ಅವನನ್ನ ಬಿಟ್ಟು ರೈಲು ಹತ್ತೋಕೂ ಆಗಲ್ಲ, ಬೂಟಲ್ಲಿ ಬೆರಳು ಇದ್ಯೋ ಇಲ್ವೋ ಗೊತ್ತಾಗ್ದೇ ಇರೋ ಹಂಗೆ ಮರಗಟ್ಟಿತ್ತು, ಹಂಗೇ ಕಾದ್ವಿ. ಮುಗಿದ್ಮೇಲೆ ಸ್ಟೇಷನ್ನಲ್ಲಿ ಕಾಲಿಡೋಕೆ ಜಾಗ ಇಲ್ಲ, ಆ ರಶ್‌ನಲ್ಲಿ ಹೆಂಗೋ ಒಬ್ರಿಗೊಬ್ರು ಸಿಕ್ವಿ. ರೈಲಲ್ಲಿ ಒಬ್ಬ ಅಜ್ಜಿ ಪವರ್ ಬ್ಯಾಂಕ್ ಕೊಟ್ರು, ಚೆಕಿಂಗ್‌ನೋರು ಬರೋ ಅಷ್ಟ್ರಲ್ಲಿ ಫೋನ್ ಆನ್ ಆಯ್ತು, ಇಲ್ದಿದ್ರೆ ತಲೆಗೆ 60 ಯೂರೋ ದಂಡ. ರೈಲು ಟಿಕೆಟ್ ಪ್ರಿಂಟ್ ಹಾಕಿಸ್ಕೊಳ್ಳಿ, ಫೋನನ್ನ ಜಾಕೆಟ್ ಒಳಜೇಬಲ್ಲಿ, ಮೈಗೆ ಹತ್ರ ಇಟ್ಕೊಳ್ಳಿ.

ದುಡ್ಡಿನ ವಿಷಯ. ಮಾರಿದೋನು "ಪೇಪಾಲ್‌ನಲ್ಲಿ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಕಳಿಸಿ, ಫೀಸ್ ಉಳಿಯುತ್ತೆ" ಅಂದಿದ್ದ, ನಾನು ಹಂಗೇ ಕಳಿಸಿದೆ. ಹಂಗೆ ಕಳಿಸಿದ್ರೆ ಕೊಂಡೋರಿಗೆ ಸಿಗೋ ಪ್ರೊಟೆಕ್ಷನ್ ಸಿಗಲ್ಲ. ಯಾರಾದ್ರೂ ಆ ಮಾತು ಎತ್ತಿದ್ರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಮೆಸೇಜ್ ಕೂಡ ಮಾಡ್ಬೇಡಿ. ಅವನು ಅವತ್ತೇ ನನ್ನ ಬ್ಲಾಕ್ ಮಾಡ್ದ, ಪೊಲೀಸ್ ಕಂಪ್ಲೇಂಟ್ ಕೊಟ್ಟಿದೀನಿ, ದುಡ್ಡು ಇವತ್ತಿನವರೆಗೂ ಬಂದಿಲ್ಲ.

ಈ ಸಲ ಓಬರ್ಸ್ಟ್‌ಡಾರ್ಫ್‌ಗೆ ಹೋಗ್ತಿದೀವಿ, ಐದೂ ಟಿಕೆಟ್ ಆಯೋಜಕರ ಸೈಟಿಂದ್ಲೇ ತಗೊಂಡಿದ್ದು. ಆದ್ರೂ ಗೇಟಲ್ಲಿ ಅವಳ ಟಿಕೆಟ್ಟೇ ಮೊದ್ಲು ಸ್ಕ್ಯಾನ್ ಆಗೋದು.