ಹಳ್ಳದ ಕರೆಂಟು: ಮೂರು ಮಳೆಗಾಲ ಬಳಸಿದ ಮೇಲೆ

ನಮ್ಮೂರಿನ ಹಳ್ಳದ ನೀರಿನಿಂದ ಬರುವ ಕರೆಂಟು ಹೇಗಿದೆ ಅಂತ ಹೇಳಲು ಬಿಸಿನೀರಿನ ಡ್ರಮ್ಮಿನಿಂದಲೇ ಶುರು ಮಾಡುತ್ತೇನೆ. ಕರೆಂಟು ಹಾಕಿಸಿಕೊಳ್ಳುವಾಗ ಅದರ ಬಗ್ಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.

ನಮ್ಮದು ಕಳಸದ ಕಡೆ, ಗುಡ್ಡದ ಮೇಲಿನ ಹದಿನಾಲ್ಕು ಮನೆ. ಸರ್ಕಾರದ ಲೈನ್ ಕೆಳಗಿನ ರಸ್ತೆಗೇ ನಿಂತಿದೆ. ಮೂರು ವರ್ಷದ ಹಿಂದೆ ಒಂದು ಕಂಪನಿ ಬಂದು ಹಳ್ಳಕ್ಕೆ ಪೈಪ್ ಹಾಕಿ 2 ಕಿಲೋವ್ಯಾಟಿನ ಟರ್ಬೈನ್ ಕೂರಿಸಿತು. ಬೇಸಿಗೆಯಲ್ಲಿ ಹಳ್ಳ ಸೊರಗುತ್ತದಲ್ವಾ, ಅದಕ್ಕೆ ಜೊತೆಗೆ ಸೋಲಾರ್, ಬ್ಯಾಟರಿ. ಮೆಷಿನ್ನೆಲ್ಲ ಕಂಪನಿಯದೇ. ನಮ್ಮದು 3,000 ರೂಪಾಯಿ ಡೆಪಾಸಿಟ್, ತಿಂಗಳಿಗೆ 100 ಬಾಡಿಗೆ, ಮೇಲೆ ಯೂನಿಟ್ಟಿಗೆ 15. ಕೆಳಗಿನ ಊರಿನವರಿಗೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್. ನಮ್ಮದು ಎಸ್ಕಾಂ (ಸರ್ಕಾರದ ವಿದ್ಯುತ್ ಕಂಪನಿ) ಕರೆಂಟಲ್ಲ, ಹಾಗಾಗಿ ನಮಗೆ ಅದಿಲ್ಲ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಒಂದು ಮನೆಗೆ 250 ವ್ಯಾಟ್ ಮಿತಿ. ಮಿಕ್ಸಿ ಹಾಕಿದರೆ ಟಪ್ ಅಂತ ಹೋಗುತ್ತದೆ. ದೋಸೆ ಹಿಟ್ಟು ಈಗಲೂ ರುಬ್ಬುವ ಕಲ್ಲಿನಲ್ಲೇ. ನನ್ನ ಹೊಲಿಗೆ ಮೆಷಿನ್ ಮೋಟರ್ ಮಾತ್ರ ಆರಾಮಾಗಿ ಓಡುತ್ತದೆ. ಬ್ಲೌಸ್ ಹೊಲಿದೇ ಕರೆಂಟಿನ ದುಡ್ಡು ಹುಟ್ಟಿಸುತ್ತೇನೆ.

ಮೀಟರಿಗೆ ಮೊದಲೇ ದುಡ್ಡು ತುಂಬಬೇಕು, ಆ ರೀಚಾರ್ಜ್ ಒಂದು ಪೂಜೆ ಇದ್ದ ಹಾಗೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ತೋಟದ ಮೇಲಿನ ಬಂಡೆಗೆ ಹತ್ತಬೇಕು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನ್, ಕಾಲಿಗೆ ಇಂಬಳ. ಫೋನ್‌ಪೇ ಮಾಡಿದರೆ 20 ಅಂಕಿಯ ನಂಬರ್ ಬರುತ್ತದೆ. ಅದನ್ನು ಮನೆಗೆ ಬಂದು ಮೀಟರಿಗೆ ಒತ್ತಬೇಕು. ನಾನು ಓದುತ್ತೇನೆ, ಮಗಳು ಒತ್ತುತ್ತಾಳೆ. ಹಸಿರು ದೀಪ ಬಂದ ಮೇಲೇ ಕಾಫಿ.

ಇನ್ನು ಡ್ರಮ್. ಲೋಡ್ ಕಮ್ಮಿಯಾದರೆ ಟರ್ಬೈನ್ ಹುಚ್ಚು ಹಿಡಿದಂತೆ ತಿರುಗುತ್ತದೆ, ವೋಲ್ಟೇಜ್ ಏರುತ್ತದೆ. ಅದಕ್ಕೇ ಒಂದು ಕಂಟ್ರೋಲರ್ ಇರುತ್ತದೆ. ನಾವು ಬಳಸದೆ ಉಳಿದದ್ದನ್ನೆಲ್ಲ ಅದು ಹೀಟರ್ ಕಾಯಿಲ್‌ಗೆ ತಳ್ಳುತ್ತದೆ. ಕಾಯಿಲ್ ಇರುವುದು ಮೆಷಿನ್ ಮನೆಯ ನೀರಿನ ಡ್ರಮ್ಮಿನಲ್ಲಿ. ಮೊದಲ ವರ್ಷ ಪುನರ್ವಸು ಮಳೆಯಲ್ಲಿ ಸೌದೆಯೆಲ್ಲ ಒದ್ದೆಯಾಗಿ ಹಂಡೆ ಒಲೆ ಹತ್ತಲೇ ಇಲ್ಲ. ಆಗ ಮೆಷಿನ್ ನೋಡಿಕೊಳ್ಳುವ ಹುಡುಗ, 'ಅಕ್ಕ, ಬಕೆಟ್ ತಗೊಂಡು ಬನ್ನಿ' ಅಂದ. ಕುದಿ ಕುದಿ ನೀರು! ಆಮೇಲೆ ಅದೇ ಅಭ್ಯಾಸವಾಯಿತು. ಬೆಳಿಗ್ಗೆ ಬಕೆಟ್ಟಿನ ಸಾಲು, ಸಂಜೆ ಡ್ರಮ್ಮಿನ ಮೇಲಿನ ಹಗ್ಗದಲ್ಲಿ ಮಕ್ಕಳ ಯೂನಿಫಾರ್ಮ್, ಸಾಕ್ಸ್, ನಮ್ಮ ಅತ್ತೆಯ ಕಂಬಳಿ. ಜುಲೈನಲ್ಲಿ ಗರಿಗರಿ ಒಣಗಿದ ಸಾಕ್ಸ್ ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಎರಡು ಮಳೆಗಾಲ ಹೀಗೇ ಹೋಯಿತು. ಕಳೆದ ವರ್ಷ ಮೆಷಿನ್ ಮನೆಗೆ ಬೀಗ ಬಿತ್ತು. ಸುರಕ್ಷತೆ ಅಂದರು. ಸರಿ, ಒದ್ದೆ ಕೈ, ಕರೆಂಟು, ಒಪ್ಪಿಕೊಂಡೆ. ಹದಿನೈದು ದಿನಕ್ಕೆ ಗೋಡೆ ಹೊರಗೆ ನಲ್ಲಿ ಬಂತು. ಜೊತೆಗೆ 'ಬಿಸಿನೀರು ಪ್ಲಾನ್', ತಿಂಗಳಿಗೆ 150! ಹಗ್ಗಕ್ಕೆ ಪ್ಲಾನ್ ಇಲ್ಲ, ಅದು ಹೋಗಿಯೇ ಹೋಯಿತು. ಹುಡುಗನನ್ನು ಕೇಳಿದರೆ, 'ಮೇಲಿನವರು ಹೇಳಿದ್ದು ಅಕ್ಕ, ನಾನೇನು ಮಾಡಲಿ' ಅಂತಾನೆ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಮಳೆಗಾಲದಲ್ಲಿ 2 ಕಿಲೋವ್ಯಾಟ್ ಇಡೀ ದಿನ ಓಡಿದರೆ 48 ಯೂನಿಟ್. ಎಲ್ಲ ಮನೆ ಸೇರಿ ಬಳಸುವುದು ಹೆಚ್ಚೆಂದರೆ 18. ಉಳಿದ 30 ಡ್ರಮ್ಮಿಗೆ ಹೋಗಲೇಬೇಕು. ಇದು ಡೀಸೆಲ್ ಜನರೇಟರ್ ಅಲ್ಲ, ನಾವು ಲೈಟ್ ಆರಿಸಿದರೆ ಹಳ್ಳದ ನೀರು ಮಿಗುವುದಿಲ್ಲ. ಹಾಗಿರುವಾಗ ಯೂನಿಟ್ ಎಣಿಸಿ ಏನು ಬಂತು? ನೇಪಾಳದ ಗುಡ್ಡದ ಊರುಗಳಲ್ಲಿ ಇಂಥ ಎಷ್ಟೋ ಘಟಕಗಳಲ್ಲಿ ಮೀಟರೇ ಇರಲಿಲ್ಲ. ಇಷ್ಟು ವ್ಯಾಟಿಗೆ ತಿಂಗಳಿಗೆ ಇಷ್ಟು, ಅಷ್ಟೇ. ಮಳೆಗಾಲಕ್ಕಾದರೂ ನಮಗೂ ಹಾಗೇ ಮಾಡಿ ಎಂದು ಮೀಟಿಂಗಿನಲ್ಲಿ ಕೇಳಿದೆ. ಬೇಸಿಗೆಯಲ್ಲಿ, ಬ್ಯಾಟರಿಯಿಂದ ದೀಪ ಉರಿಯುವಾಗ, ಯೂನಿಟ್ ಲೆಕ್ಕ ಇರಲಿ. ಆಗ ಬಳಸಿದಷ್ಟೂ ಬ್ಯಾಟರಿ ಸವೆಯುತ್ತದೆ, ಅದು ನ್ಯಾಯ.

ಕಂಪನಿಯವರ ಕಷ್ಟ ಗೊತ್ತಿಲ್ಲ ಅಂತಲ್ಲ. ಸಾಲದ ಕಂತು, ಹುಡುಗನ ಸಂಬಳ, ಕೆಲವು ವರ್ಷಕ್ಕೊಮ್ಮೆ ಹೊಸ ಬ್ಯಾಟರಿ. ಹದಿನಾಲ್ಕೇ ಮನೆಯಿಂದ ಎಷ್ಟು ಹುಟ್ಟೀತು? ನಾಳೆ ಸರ್ಕಾರದ ಕಂಬ ಮೇಲೆ ಬಂದರೆ ಅವರು ಗಂಟು ಕಟ್ಟಬೇಕು. ಬಾಡಿಗೆಯನ್ನು 250 ಮಾಡಿ ಎಂದು ನಾನೇ ಹೇಳಿದೆ. ಮಳೆಗಾಲಕ್ಕೆ ಯೂನಿಟ್ ರೇಟು ತೆಗೆದು, ಬೀಗ ತೆಗೆದು. ಪಕ್ಕದ ಮನೆಯವರಿಗೆ ಅದು ಹಿಡಿಸಲಿಲ್ಲ. ಅವರದು ಎರಡೇ ಬಲ್ಬು, ಅವರಿಗೆ ಯೂನಿಟ್ ಲೆಕ್ಕವೇ ಅಗ್ಗ. ಅವರ ಮಾತೂ ಸರಿಯೇ.

ಕರೆಂಟು ಹೇಗಿದೆ ಅಂದರೆ, ಚೆನ್ನಾಗಿದೆ. ಮರ ಬಿದ್ದು ಕೆಳಗಿನ ಊರು ಕತ್ತಲಲ್ಲಿದ್ದಾಗಲೂ ನಾನು ಬ್ಲೌಸ್ ಹೊಲಿದಿದ್ದೇನೆ. ಆದರೂ ಐದರಲ್ಲಿ ಮೂರೇ ಸ್ಟಾರ್. ಮುಂದಿನ ಮೀಟಿಂಗ್ ಮೃಗಶಿರ ಮಳೆಗೆ ಮೊದಲು. ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ, ಕಂಬಳಿ ಸಮೇತ.