ಭೋಸರಿಯ ನಮ್ಮ ಮಷಿನ್ ಶಾಪ್‌ನಲ್ಲಿ ಇಆರ್‌ಪಿ ನೆಕ್ಸ್ಟ್

ಸಣ್ಣ ಕಾರ್ಖಾನೆಗೆ ಇಆರ್‌ಪಿ, ಅಂದರೆ ಸ್ಟಾಕ್, ಖರೀದಿ, ಉತ್ಪಾದನೆ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಜೋಡಿಸುವ ಸಾಫ್ಟ್‌ವೇರ್, ಬೇಕಾ ಅಂತ ಪುಣೆಯ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ನಾನು ಪುಣೆ ಹತ್ತಿರದ ಕೈಗಾರಿಕಾ ಪ್ರದೇಶ ಭೋಸರಿ ಎಂಐಡಿಸಿಯ ಒಂದು ಮಷಿನ್ ಶಾಪ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಪಿನ್, ಬುಶ್, ಶಾಫ್ಟ್ ನಮ್ಮ ಕೆಲಸ. ಮಾಲೀಕರು ಬೆಳಗಾವಿಯವರು, ಸ್ಟೋರ್ಸ್ ನೋಡುವ ಕಾಕಾ ವಿಜಯಪುರದವರು. ನಾವು ಬಳಸುತ್ತಿರುವುದು ಇಆರ್‌ಪಿ ನೆಕ್ಸ್ಟ್. ನಿಮ್ಮ ಮಾಲು ಗೇಟು ದಾಟಿ ನಾಲ್ಕು ಕಡೆ ಹೋಗಿ ಬರುತ್ತದೆ ಅಂದರೆ ಬೇಕೇ ಬೇಕು ಅನ್ನುವುದು ನನ್ನ ಉತ್ತರ.

ಮೊದಲು ನಮ್ಮ ಲೆಕ್ಕ ಟ್ಯಾಲಿಯಲ್ಲಿ ಇತ್ತು, ಸ್ಟಾಕ್ ಎಕ್ಸೆಲ್‌ನಲ್ಲಿ, ಜಾಬ್ ವರ್ಕ್ (ನಮ್ಮ ಮಾಲನ್ನು ಹೊರಗಿನವರಿಗೆ ಕಳಿಸಿ ಮಾಡಿಸುವ ಕೆಲಸ) ಚಲನ್ ಕಾಕಾ ಅವರ ರಿಜಿಸ್ಟರಿನಲ್ಲಿ. ಮೂರೂ ಅದರದರ ಮಟ್ಟಿಗೆ ಸರಿಯೇ. ಆದರೆ ಒಂದಕ್ಕೊಂದು ತಾಳೆ ಹಾಕಲು ಮನುಷ್ಯರೇ ಕೂರಬೇಕಿತ್ತು. ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಹೋದ ಪಿನ್‌ಗಳಲ್ಲಿ ಎಷ್ಟು ವಾಪಸ್ ಬಂದಿವೆ ಅಂತ ಕೇಳಿದರೆ ಕಾಕಾ ಪುಟ ತಿರುಗಿಸಬೇಕು, ನಾನು ಬಿಲ್ ಹುಡುಕಬೇಕು.

ಈಗ ಎಲ್ಲಾ ಶುರುವಾಗುವುದು ಗೇಟಿನಿಂದ. ಕಾಕಾ ಒಂದು ಸಲ ಇನ್‌ವರ್ಡ್ (ಮಾಲು ಒಳಬಂದ ಎಂಟ್ರಿ) ಹಾಕಿದರೆ ಸ್ಟಾಕ್ ಏರುತ್ತದೆ. ಅದೇ ಹೊತ್ತಿಗೆ ನನ್ನ ಪುಸ್ತಕದಲ್ಲಿ 'ಮಾಲು ಬಂದಿದೆ, ಬಿಲ್ ಬಂದಿಲ್ಲ' ಅನ್ನುವ ಖಾತೆಗೆ ಅದರ ಹಣ ಕೂರುತ್ತದೆ. ಆರ್ಡರ್ 500 ಕೆ.ಜಿ., ತೂಕ ಹಾಕಿದಾಗ 488, ಬಿಲ್ ಮಾತ್ರ 500ಕ್ಕೆ ಬಂತು ಅಂದುಕೊಳ್ಳಿ. ಹಣ ಕೊಡುವ ಮೊದಲೇ ಆ 12 ಕೆ.ಜಿ. ಕಣ್ಣಿಗೆ ಬೀಳುತ್ತದೆ. ಕಾಕಾ ಬರೆದ ಅಂಕಿಯ ಮೇಲೆ ಪೇಮೆಂಟ್ ನಿಲ್ಲುತ್ತದೆ ಅಥವಾ ಹೋಗುತ್ತದೆ. ಸ್ಟೋರ್ಸ್‌ನವರ ಮಾತಿಗೆ ಇಷ್ಟು ತೂಕ ಬಂದಿದ್ದು ನನಗೆ ನಿಜವಾಗಿಯೂ ಖುಷಿ ಕೊಟ್ಟ ಸಂಗತಿ.

ಇನ್ನೊಂದು ಲಾಭ ಬಿಒಎಂನಿಂದ. ಅಂದರೆ ಒಂದು ಪೀಸ್‌ಗೆ ಏನೇನು, ಎಷ್ಟೆಷ್ಟು ಬೇಕು ಅನ್ನುವ ಪಟ್ಟಿ. 25 ಎಂ.ಎಂ. ಸ್ಟೀಲ್ ರೌಂಡ್ ಬಾರ್ ಮೀಟರಿಗೆ ಸುಮಾರು 3.85 ಕೆ.ಜಿ. ತೂಗುತ್ತದೆ. 100 ಎಂ.ಎಂ. ಪಿನ್‌ಗೆ ಕಟಿಂಗ್ ಲಾಸ್ ಸೇರಿ ಹತ್ತಿರ ಹತ್ತಿರ 400 ಗ್ರಾಂ ಬೇಕು. 1000 ಪಿನ್‌ಗೆ 400 ಕೆ.ಜಿ. ಸ್ಟೋರ್ಸ್‌ನಿಂದ 430 ಹೋಗಿದ್ದರೆ ಉಳಿದ 30 ಕೆ.ಜಿ. ಎಲ್ಲಿ? ರಿಜೆಕ್ಷನ್ನಾ, ತುಂಡು ಬಾರ್ ಉಳಿದಿದೆಯಾ, ಸ್ಕ್ರ್ಯಾಪ್ ಆಯ್ತಾ? ವರ್ಷದ ಕೊನೆಯಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದೇ ವಾರ ಕೇಳಿದರೆ ಆಪರೇಟರ್ ಹೇಳುತ್ತಾನೆ.

ಜಾಬ್ ವರ್ಕ್ ವಿಷಯದಲ್ಲಂತೂ ಇದು ದೊಡ್ಡ ಆಸರೆ. ಜಿಎಸ್‌ಟಿ ಕಾನೂನಿನ 143ನೇ ಸೆಕ್ಷನ್ ಪ್ರಕಾರ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಸಪ್ಲೈ ಮಾಡಿದಂತೆ ಲೆಕ್ಕ. ಈ ಸಾಫ್ಟ್‌ವೇರಿನಲ್ಲಿ ಪ್ರತಿ ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಪಾರ್ಟಿಗೂ ಒಂದೊಂದು ವೇರ್‌ಹೌಸ್ ತೆರೆದಿದ್ದೇವೆ. ಮಾಲು ಅವರ ಶೆಡ್‌ನಲ್ಲಿದ್ದರೂ ನಮ್ಮ ಸ್ಟಾಕ್‌ನಲ್ಲೇ ಕಾಣುತ್ತದೆ.

ಈ ಯೋಚನೆ ಹೊಸದೇನಲ್ಲ. ಯಾವ ಮಾಲು, ಎಷ್ಟು, ಯಾವಾಗ ತರಿಸಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಎಂಆರ್‌ಪಿಯನ್ನು (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್) ಐಬಿಎಂನ ಜೋಸೆಫ್ ಓರ್ಲಿಕಿ 1960ರ ದಶಕದಲ್ಲೇ ರೂಪಿಸಿದರು. 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಇಂಜಿನಿಯರುಗಳು ಜರ್ಮನಿಯಲ್ಲಿ ಎಸ್ಎಪಿ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ಇಆರ್‌ಪಿ ಅನ್ನುವ ಹೆಸರು ಗಾರ್ಟ್ನರ್ ಅನ್ನುವ ಸಂಶೋಧನಾ ಸಂಸ್ಥೆಯಿಂದ ಬಂದಿದ್ದು 1990ರಲ್ಲಿ. ಆಗೆಲ್ಲ ಇದು ದೊಡ್ಡವರ ಸೊತ್ತು. ಪುಣೆ ಹತ್ತಿರದ ಚಾಕಣ್ ಕಡೆಯ ದೊಡ್ಡ ಕಂಪನಿಯ ಶೆಡ್ಯೂಲ್ ಇಂಥ ಸಿಸ್ಟಮ್‌ನಿಂದ ಬರುತ್ತದೆ, ಅದನ್ನು ಪೂರೈಸುವ ನಮ್ಮಂಥವರ ಹತ್ತಿರ ಬರೀ ರಿಜಿಸ್ಟರ್. ಇಆರ್‌ಪಿ ನೆಕ್ಸ್ಟ್ ಆ ಅಂತರ ತುಂಬಿದೆ. ಮಾಡಿದವರು ಮುಂಬೈಯ ಫ್ರಾಪೆ. ಇದು ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿದೆ, ತಲೆಗಿಷ್ಟು ಅಂತ ಲೈಸೆನ್ಸ್ ಫೀ ಇಲ್ಲ. ಹಾಗಂತ ಪೂರ್ತಿ ಪುಕ್ಕಟೆ ಅಂದುಕೊಳ್ಳಬೇಡಿ. ಸರ್ವರ್, ಸೆಟಪ್, ತರಬೇತಿ, ಬ್ಯಾಕಪ್ ಎಲ್ಲಕ್ಕೂ ದುಡ್ಡು ಬೇಕು.

ಸಾಫ್ಟ್‌ವೇರ್ ಕೂಡಿಸಿಕೊಡುವವರನ್ನು ನೋಡಿ ಆರಿಸಿ. ನಮ್ಮಲ್ಲಿಗೆ ಮೊದಲು ಬಂದ ಸಲಹೆಗಾರರು ಮಾಲೀಕರ ಕ್ಯಾಬಿನ್‌ನಲ್ಲಿ ಬಣ್ಣಬಣ್ಣದ ಗ್ರಾಫ್ ತೋರಿಸಿ ಹೊರಟರು, ಸ್ಟೋರ್ಸ್ ಕಡೆ ತಲೆ ಹಾಕಲೇ ಇಲ್ಲ. ಅವರನ್ನು ಬಿಟ್ಟೆವು. ನಂತರ ಬಂದ ಹುಡುಗರು ಕಾಕಾ ಪಕ್ಕ ಕೂತು ರಿಜಿಸ್ಟರ್ ಓದಿದರು. ಕೆಲಸ ಆಗಿದ್ದು ಅದರಿಂದ.

ಶುರು ಮಾಡುವ ಹೊತ್ತೂ ಮುಖ್ಯ. 1999ರಲ್ಲಿ ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ ಹ್ಯಾಲೋವೀನ್ ಹಬ್ಬದ ಬೇಡಿಕೆಯ ಸಮಯಕ್ಕೇ ಹೊಸ ಸಿಸ್ಟಮ್‌ಗೆ ಬದಲಾಗಿ, ಸುಮಾರು 10 ಕೋಟಿ ಡಾಲರಿನ ಆರ್ಡರ್ ಕಳಿಸಲಾಗದೆ ಒದ್ದಾಡಿತು. ಗೋದಾಮಿನಲ್ಲಿ ಮಾಲಿತ್ತು! ನಾವು ಮಾರ್ಚ್ ಕೊನೆಯ ಸ್ಟಾಕ್ ಎಣಿಸಿ ಏಪ್ರಿಲ್ 1ರಿಂದ ಶುರು ಮಾಡಿದೆವು.

ಕೆಲವು ಕಟ್ಟುನಿಟ್ಟು ಮೊದಲೇ ತಿಳಿದಿರಲಿ. ಸಬ್ಮಿಟ್ ಮಾಡಿದ ಎಂಟ್ರಿಯ ಅಂಕಿಯನ್ನು ಸುಮ್ನೆ ತಿದ್ದಲು ಬರುವುದಿಲ್ಲ. ರದ್ದು ಮಾಡಿ ಹೊಸದು ಹಾಕಬೇಕು, ಹಳೆಯದು ದಾಖಲೆಯಲ್ಲಿ ಉಳಿಯುತ್ತದೆ. ಐಟಂ ಕೆ.ಜಿ.ಯಲ್ಲೋ ನಂಬರಿನಲ್ಲೋ ಅಂತ ಮೊದಲೇ ತೀರ್ಮಾನಿಸಿ, ವ್ಯವಹಾರ ಶುರುವಾದ ಮೇಲೆ ಬದಲಿಸಲಾಗದು. ಇನ್‌ವರ್ಡ್ ಹಾಕದ ಮಾಲನ್ನು ಸ್ಟೋರ್ಸ್‌ನಿಂದ ಇಶ್ಯೂ ಮಾಡಲೂ (ಕೊಡಲೂ) ಬಿಡುವುದಿಲ್ಲ. ನೈಟ್ ಶಿಫ್ಟ್‌ನವರಿಗೆ ಇದು ಕಿರಿಕಿರಿ. 'ಮೈನಸ್ ಸ್ಟಾಕ್‌ಗೆ ಅವಕಾಶ' ಅನ್ನುವ ಸೆಟ್ಟಿಂಗ್ ಇದೆ, ದಯವಿಟ್ಟು ಅದನ್ನು ಆನ್ ಮಾಡಬೇಡಿ. ಮಾಡಿದರೆ ಮತ್ತೆ ಎಕ್ಸೆಲ್ ದಿನಗಳೇ, ಅಲ್ವಾ?

ಬರೀ ತಂದು ಮಾರುವ, ಇಬ್ಬರು ಮೂವರಿರುವ ಅಂಗಡಿಗೆ ಇಷ್ಟೆಲ್ಲ ಬೇಡ, ಟ್ಯಾಲಿ ಸಾಕು. ಕಾರ್ಖಾನೆಯವರು ಮಾತ್ರ ಡೆಮೋಗೆ ಸ್ಟೋರ್ಸ್‌ನವರನ್ನೂ ಕೂರಿಸಿಕೊಳ್ಳಿ. ಪ್ಲೇಟಿಂಗ್‌ಗೆ 1000 ಕಳಿಸಿ 940 ಬಂದರೆ, ಅದರಲ್ಲಿ 15 ರಿಜೆಕ್ಟ್ ಆದರೆ ಹೇಗೆ ಹಾಕುವುದು ಅಂತ ಕೇಳಿ, ನಿಮ್ಮ ಎದುರಿಗೇ ಎಂಟ್ರಿ ಮಾಡಿ ತೋರಿಸಲಿ.