ಜಾಝ್ 3 ಪಿಕ್, ದಿನಾ ಅರ್ಧ ಗಂಟೆ, 14 ತಿಂಗಳು: ಸರಳೆ ವರಸೆಯಲ್ಲಿ ಸಿಕ್ಕಿಬಿದ್ದ ಕೈ

ಗಿಟಾರ್ ತಂತಿ ಮೀಟುವ ಪಿಕ್ ಬದಲಾಯಿಸಿದರೆ ಸ್ಪೀಡ್ ಬರುತ್ತೆ ಅಂತ ನಂಬಿ ಡನ್‌ಲಪ್ ಜಾಝ್ 3 ತಗೊಂಡವನು ನಾನು. ಬರಲಿಲ್ಲ. ಆದರೂ 14 ತಿಂಗಳಿಂದ ಅದನ್ನೇ ಬಳಸುತ್ತಿದ್ದೇನೆ, ಬೇರೆ ಪಿಕ್ ಕೈಗೆ ಬಂದರೆ ಚಮಚ ಹಿಡಿದ ಹಾಗೆ ಅನಿಸುತ್ತದೆ. ಯಾಕೆ ಅಂತ ಹೇಳಲು ಪಿಕ್ ಜೊತೆ ನನ್ನ ಅಭ್ಯಾಸದ ಕಥೆಯನ್ನೂ ಹೇಳಬೇಕಾಗುತ್ತದೆ.

ನನ್ನ ಸ್ಥಿತಿ ಹೀಗಿತ್ತು. ಎಂಟು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ, ಕಾರ್ಡ್, ರಿಫ್ ಎಲ್ಲ ಸರಿ, ಆದರೆ ಆಲ್ಟರ್ನೇಟ್ ಪಿಕಿಂಗ್ (ಪಿಕ್ಕನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೊಡೆಯುವುದು) ಅಂದರೆ ಕೈ ಕಟ್ಟಿಹಾಕಿದ ಹಾಗೆ. ಲಯ ಬಡಿಯುವ ಮೆಟ್ರೊನೋಮ್ 92ರಲ್ಲಿ, ಅಂದರೆ ನಿಮಿಷಕ್ಕೆ 92 ಬೀಟ್, ಬೀಟಿಗೆ ನಾಲ್ಕು ಸ್ವರದಂತೆ ನುಡಿಸಿದರೆ ಪರವಾಗಿಲ್ಲ. 100 ದಾಟಿದರೆ ಗಲೀಜು. ಶಿವಮೊಗ್ಗದಲ್ಲಿ ಬಾಡಿಗೆ ಮನೆಯ ಮೇಲಿನ ಮಹಡಿ, ಹಾಗಾಗಿ ಬೆಳಿಗ್ಗೆ ಆರಕ್ಕೆ ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ. ತೆಳುವಾದ 9ರ ಗೇಜ್ ತಂತಿಗಳು. ಶಬ್ದವನ್ನು ಒರಟು ಮಾಡುವ ಡಿಸ್ಟಾರ್ಷನ್ ಇಲ್ಲ, ಕ್ಲೀನ್ ಟೋನ್ ಮಾತ್ರ. ಡಿಸ್ಟಾರ್ಷನ್ ಹಾಕಿದರೆ ಎಲ್ಲರೂ ಚೆನ್ನಾಗಿಯೇ ನುಡಿಸುತ್ತಾರೆ ಬಿಡಿ.

ಪಿಕ್ ಬಗ್ಗೆ. ನನ್ನದು ಕೆಂಪು ನೈಲಾನ್, 1.38 ಮಿಲಿಮೀಟರ್ ದಪ್ಪ, ಮಾಮೂಲಿ ಪಿಕ್‌ಗಿಂತ ಸಣ್ಣದು, ತುದಿ ಚೂಪು. ಮೊದಲು ಬಳಸುತ್ತಿದ್ದದ್ದು 0.60ರ ಕಿತ್ತಳೆ ಬಣ್ಣದ ಟಾರ್ಟೆಕ್ಸ್. ಸ್ಟ್ರಮ್ಮಿಂಗ್‌ಗೆ, ಅಂದರೆ ತಂತಿಗಳನ್ನು ಒಟ್ಟಿಗೆ ಮೀಟುವುದಕ್ಕೆ, ಅದು ಬಹಳ ಚೆನ್ನ, ಈಗಲೂ ಅಕೂಸ್ಟಿಕ್‌ಗೆ ಅದೇ. ಆದರೆ ತೆಳು ಪಿಕ್ ತಂತಿಗೆ ತಾಗಿದಾಗ ಬಾಗುತ್ತದೆ, ಆಮೇಲೆ ಬಿಡುತ್ತದೆ. ವೇಗವಾಗಿ ನುಡಿಸುವಾಗ ಆ ಬಾಗಿ ಬಿಡುವ ಹೊತ್ತಿನಲ್ಲಿ ಲೆಕ್ಕ ತಪ್ಪುತ್ತದೆ. ಜಾಝ್ 3 ಬಾಗುವುದೇ ಇಲ್ಲ ಅನ್ನಬಹುದು. ಬೆರಳಿನಿಂದ ಹೊರಗೆ ಕಾಣುವುದು ತುದಿ ಮಾತ್ರ, ಹಾಗಾಗಿ ತಂತಿಯೊಳಗೆ ಆಳಕ್ಕೆ ಇಳಿಯುವ ನನ್ನ ಕೆಟ್ಟ ಚಾಳಿಗೆ ತಾನಾಗೇ ಕಡಿವಾಣ ಬಿತ್ತು. ಮೊದಲ ವಾರ ಮಾತ್ರ ನರಕ. ಹತ್ತು ನಿಮಿಷಕ್ಕೊಮ್ಮೆ ಕೈಯಿಂದ ಜಾರಿ ಮಂಚದ ಕೆಳಗೆ. ಗಿಟಾರ್ ವಾದಕರಾದ ಎರಿಕ್ ಜಾನ್ಸನ್, ಕರ್ಕ್ ಹ್ಯಾಮೆಟ್, ಜಾನ್ ಪೆಟ್ರೂಚಿ ಹೆಸರಿನಲ್ಲೂ ಇದರ ಬೇರೆ ಬೇರೆ ರೂಪಗಳು ಸಿಗುತ್ತವೆ. ನಾನು ಸಾದಾದ್ದರಲ್ಲೇ ನಿಂತೆ.

ಒಂದು ಎಚ್ಚರಿಕೆ. ನನ್ನ ಎರಡನೇ ಪ್ಯಾಕ್ ಆನ್‌ಲೈನ್‌ನಲ್ಲಿ ಯಾರೋ ಒಬ್ಬ ಮಾರಾಟಗಾರನಿಂದ ಅಗ್ಗಕ್ಕೆ ತರಿಸಿದ್ದು, ಅದು ನಕಲಿ. ಅಂಚಿನಲ್ಲಿ ಅಚ್ಚಿನ ಗೆರೆ ಹಾಗೇ ಇತ್ತು, ಉಬ್ಬು ಅಕ್ಷರ ಮಸುಕು, ತಂತಿಗೆ ತಾಗಿದರೆ ಕರಕರ ಸದ್ದು. ಮೂವತ್ತು ರೂಪಾಯಿ ಉಳಿಸಲು ಹೋಗಿ ದುಡ್ಡು ಪೂರ್ತಿ ಕಳೆದುಕೊಂಡೆ.

ಈಗ ಅಭ್ಯಾಸಕ್ಕೆ ಬರೋಣ. ಮೊದಲ ಆರು ತಿಂಗಳು ಎಲ್ಲರೂ ಹೇಳುವುದನ್ನೇ ಮಾಡಿದೆ. ನಿಧಾನವಾಗಿ ಶುರು ಮಾಡು, ಸ್ವಚ್ಛವಾಗಿ ಬಂದರೆ ಮಾತ್ರ ಮೆಟ್ರೊನೋಮ್ ಎರಡು ಅಂಕ ಏರಿಸು. ಒಂದು-ಎರಡು-ಮೂರು-ನಾಲ್ಕು ಅಂತ ಆರೂ ತಂತಿಗಳ ಮೇಲೆ ಜೇಡದ ಹಾಗೆ ಹತ್ತಿಳಿಯುವುದು. 108ಕ್ಕೆ ಬಂದು ನಿಂತೆ. ಅಲ್ಲಿಂದ ಎರಡೂವರೆ ತಿಂಗಳು ಒಂದು ಅಂಕವೂ ಮುಂದೆ ಹೋಗಲಿಲ್ಲ. ಅದೂ ಅಲ್ಲದೆ ಈ ಜೇಡದ ಕಸರತ್ತು ಎಷ್ಟು ಬೋರು ಅಂದರೆ, ಅದರಲ್ಲಿ ಸಂಗೀತವೇ ಇಲ್ಲ.

ಪಕ್ಕದ ಮನೆಯಲ್ಲಿ ಸಂಜೆ ಮಕ್ಕಳಿಗೆ ಸಂಗೀತ ಪಾಠ ನಡೆಯುತ್ತದೆ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ, ಮಾಯಾಮಾಳವಗೌಳ ರಾಗ, ಮೂರು ಕಾಲ (ವೇಗ). ತಾಳ ಅದೇ ಇರುತ್ತದೆ, ಮೊದಲನೇ ಕಾಲದಲ್ಲಿ ತಾಳದ ಒಂದು ಅಕ್ಷರಕ್ಕೆ (ಎಣಿಕೆಗೆ) ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಇದನ್ನೇ ಗಿಟಾರಿನಲ್ಲಿ ಯಾಕೆ ನುಡಿಸಬಾರದು ಅಂತ ಒಂದು ದಿನ ಹೊಳೆಯಿತು. ಐದನೇ ತಂತಿಯ 7ನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಪಟ್ಟಿ) ಸ ಇಟ್ಟುಕೊಂಡೆ. ಅದೇ ತಂತಿಯಲ್ಲಿ 7, 8, 11 ಅಂದರೆ ಸ ರಿ ಗ. ನಾಲ್ಕನೇ ತಂತಿಯಲ್ಲಿ 7, 9, 10 ಅಂದರೆ ಮ ಪ ದ. ಮೂರನೇ ತಂತಿಯಲ್ಲಿ 8, 9 ಅಂದರೆ ನಿ ಮತ್ತು ಮೇಲಿನ ಸ. ಕೆಳಗೆ-ಮೇಲೆ, ಕೆಳಗೆ-ಮೇಲೆ, ತಪ್ಪದೆ.

ಇಲ್ಲೇ ಮಜಾ ಶುರುವಾಗಿದ್ದು. ಸರಳೆ ವರಸೆ 104ರಲ್ಲೇ ಎಡವುತ್ತಿತ್ತು, ಅದೂ ಪ್ರತಿಸಲ ಒಂದೇ ಜಾಗದಲ್ಲಿ, ಗ ದಿಂದ ಮ ಗೆ ಹೋಗುವಾಗ. ಆದರೆ ಮಕ್ಕಳಿಗೆ ಆಮೇಲೆ ಹೇಳಿಕೊಡುವ ಜಂಟಿ ವರಸೆ, ಅಂದರೆ ಸಸ ರಿರಿ ಗಗ ಮಮ, ನನ್ನ ಕೈಯಲ್ಲಿ 120ರಲ್ಲೂ ಸಲೀಸು! ಜಂಟಿಯಲ್ಲಿ ಎಡಗೈಗೆ ಅರ್ಧ ಕೆಲಸ, ಅದಕ್ಕೇ ಸುಲಭ ಅಂದುಕೊಂಡೆ. ಅನುಮಾನ ಹೋಗಲಿ ಅಂತ ಎಡಗೈ ತೆಗೆದೇಬಿಟ್ಟೆ. ಖಾಲಿ ತಂತಿಗಳ ಮೇಲೆ, ಐದನೇ ತಂತಿಯಲ್ಲಿ ನಾಲ್ಕು ಹೊಡೆತ, ನಾಲ್ಕನೇ ತಂತಿಯಲ್ಲಿ ನಾಲ್ಕು ಹೊಡೆತ: ಸಲೀಸು. ಮೂರು ಮತ್ತು ಮೂರು: ಎಡವಟ್ಟು. ತಪ್ಪು ಪೂರ್ತಿ ಬಲಗೈಯದ್ದು.

ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆದು ನೋಡಿದೆ. ನಮಗೆ ಪಿಕ್ ನೇರವಾಗಿ ಮೇಲೆ ಕೆಳಗೆ ಓಡಾಡುತ್ತೆ ಅನಿಸುತ್ತದೆ, ಅಲ್ವಾ? ನನ್ನದು ಓರೆಯಾಗಿ ಓಡುತ್ತಿತ್ತು. ಅಪ್‌ಸ್ಟ್ರೋಕ್ (ಮೇಲಕ್ಕೆ ಹೊಡೆತ) ಮುಗಿದಾಗ ಪಿಕ್ ತಂತಿಗಳಿಂದ ಹೊರಗೆ ಎದ್ದು ಬರುತ್ತಿತ್ತು, ಡೌನ್‌ಸ್ಟ್ರೋಕ್ (ಕೆಳಕ್ಕೆ ಹೊಡೆತ) ಮುಗಿದಾಗ ಎರಡು ತಂತಿಗಳ ನಡುವೆ ಹೂತುಕೊಂಡಿರುತ್ತಿತ್ತು. ಅಪ್‌ಸ್ಟ್ರೋಕ್ ಆದಮೇಲೆ ತಂತಿ ಬದಲಾಯಿಸಬೇಕಾದರೆ ತೊಂದರೆಯೇ ಇಲ್ಲ, ಹೇಗೂ ಹೊರಗಿದೆ. ಡೌನ್‌ಸ್ಟ್ರೋಕ್ ಆದಮೇಲೆ ಅಂದರೆ ಮೊದಲು ಹೂತದ್ದನ್ನು ಎತ್ತಬೇಕು, ಆಮೇಲೆ ದಾಟಬೇಕು. ಸ ಕೆಳಗೆ, ರಿ ಮೇಲೆ, ಗ ಕೆಳಗೆ. ಅಲ್ಲೇ ಪಿಕ್ ಸಿಕ್ಕಿಬಿತ್ತು. ಜಂಟಿಯಲ್ಲಿ ಪ್ರತಿ ಸ್ವರ ಎರಡು ಸಲ, ಹಾಗಾಗಿ ತಂತಿ ಬದಲಾಗುವುದು ಯಾವಾಗಲೂ ಅಪ್‌ಸ್ಟ್ರೋಕ್ ಆದಮೇಲೆಯೇ.

ಅಮೆರಿಕದ ಗಿಟಾರ್ ವಾದಕ ಟ್ರಾಯ್ ಗ್ರೇಡಿ ಇದನ್ನು ಪಿಕ್‌ಸ್ಲಾಂಟಿಂಗ್ ಅಂತ ಕರೆದು ವಿವರವಾಗಿ ಬಿಡಿಸಿ ತೋರಿಸಿದ್ದಾರೆ. ಎರಿಕ್ ಜಾನ್ಸನ್ ಪೆಂಟಟೋನಿಕ್‌ನಲ್ಲಿ (ಐದು ಸ್ವರಗಳ ಶ್ರೇಣಿ) ಹಾಗೆ ಹರಿಯುವುದರ ಹಿಂದೆಯೂ ಇದೇ ಲೆಕ್ಕ ಇದೆ, ತಂತಿಗೆ ಎರಡೆರಡು ಸ್ವರ.

ಆಗ ಅರ್ಥವಾಗಿದ್ದು ಇನ್ನೊಂದು. 60ರಲ್ಲಿ ನುಡಿಸುವಾಗ ಹೂತ ಪಿಕ್ಕನ್ನು ಎತ್ತಿ ದಾಟಿಸಲು ಬೇಕಾದಷ್ಟು ಸಮಯ ಇರುತ್ತದೆ. ಸ್ವಚ್ಛವಾಗಿಯೇ ಕೇಳುತ್ತದೆ. ಅಂದರೆ ಆರು ತಿಂಗಳು ದಿನಾ ಬೆಳಿಗ್ಗೆ ಎದ್ದು ಶ್ರದ್ಧೆಯಿಂದ ನಿಧಾನಕ್ಕೆ ನುಡಿಸಿದರೂ ಈ ತಪ್ಪು ನನಗೆ ಕಾಣಲೇ ಇಲ್ಲ. ನಿಧಾನ ಅಭ್ಯಾಸ ಬೇಡ ಅಂತಲ್ಲ, ಎಡಗೈಗೆ ಅದು ಬೇಕೇ ಬೇಕು. ಬಲಗೈ ವೇಗದಲ್ಲಿ ಹೇಗೆ ಚಲಿಸುತ್ತೆ ಅನ್ನೋದು ಮಾತ್ರ ವೇಗದಲ್ಲೇ ಗೊತ್ತಾಗಬೇಕು. ಹಾಗಾಗಿ ಈಗ ಅರ್ಧ ಗಂಟೆಯಲ್ಲಿ ಮೊದಲ ಹತ್ತು ನಿಮಿಷ ತುಂಡು ತುಂಡಾಗಿ: 130ರಲ್ಲಿ ಬರೀ ನಾಲ್ಕೈದು ಸ್ವರ, ಕೈ ಸಡಿಲ ಬಿಟ್ಟು, ಒಂದು ಉಸಿರು ಬಿಡುವು, ಮತ್ತೆ ನಾಲ್ಕೈದು. ಮುಂಗೈ ಬಿಗಿಯಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಒಮ್ಮೆ ಹಟ ಹಿಡಿದು ಮುಂದುವರಿಸಿ ಹತ್ತು ದಿನ ಸ್ಕೂಟರಿನ ಆಕ್ಸಿಲರೇಟರ್ ತಿರುಗಿಸಲೂ ನೋವಾಗುತ್ತಿತ್ತು.

ಗ-ಮ ಸಮಸ್ಯೆಗೆ ಮೊದಲು ಕಳ್ಳದಾರಿ ಹಿಡಿದೆ. ಬೆರಳು ಜಾಗ ಬದಲಾಯಿಸಿ ಐದನೇ ತಂತಿಯಲ್ಲೇ ಸ ರಿ ಗ ಮ (7, 8, 11, 12), ನಾಲ್ಕನೆಯದರಲ್ಲಿ ಪ ದ ನಿ ಸ (9, 10, 13, 14). ನಾಲ್ಕು ಮತ್ತು ನಾಲ್ಕು! ಎರಡು ತಂತಿಯಲ್ಲೂ ಒಂದೇ ಆಕಾರ, ಎರಡು ಫ್ರೆಟ್ ಸರಿದಿದೆ ಅಷ್ಟೇ. ಮಾಯಾಮಾಳವಗೌಳದ ಕೆಳಗಿನ ಅರ್ಧ, ಮೇಲಿನ ಅರ್ಧ ಅಚ್ಚು ಒಂದೇ ಥರ ಅನ್ನೋದು ನನಗೆ ಕಣ್ಣಿಗೆ ಕಂಡಿದ್ದು ಆ ದಿನ. ಕಿರುಬೆರಳು ಚೆನ್ನಾಗಿ ಎಳೆಯುತ್ತದೆ, ಆದರೆ ಎರಡೇ ವಾರದಲ್ಲಿ 124 ಮುಟ್ಟಿದೆ. ಅಷ್ಟಾದ ಮೇಲೆ ಹಳೆಯ ಮೂರು-ಮೂರಕ್ಕೆ ವಾಪಸ್ ಬಂದು, ಗ ಮೇಲಿನ ಡೌನ್‌ಸ್ಟ್ರೋಕ್‌ನಲ್ಲಿ ಮಣಿಕಟ್ಟನ್ನು ಒಂಚೂರು ತಿರುಗಿಸಿ ಪಿಕ್ ಹೊರಗೆ ಬರುವ ಹಾಗೆ ಮಾಡುವುದನ್ನು ಕಲಿಯುತ್ತಿದ್ದೇನೆ. ಅದಕ್ಕೆ ಮಾತ್ರ ಐದು ತಿಂಗಳು ಹಿಡಿದಿದೆ, ಇನ್ನೂ ಮುಗಿದಿಲ್ಲ.

ಇಷ್ಟರಲ್ಲಿ ಪಿಕ್‌ನ ಪಾಲೆಷ್ಟು? ತಪ್ಪನ್ನು ಮುಚ್ಚಿಡುವುದಿಲ್ಲ, ಅದೇ ಅದರ ದೊಡ್ಡ ಗುಣ. ತೆಳು ಪಿಕ್ ಹೂತುಕೊಂಡರೂ ಬಾಗಿ ಹೇಗೋ ಪಾರಾಗುತ್ತಿತ್ತು, ಇದು ತಡೆದು ನಿಲ್ಲುತ್ತದೆ, ಕೈಗೆ ತಕ್ಷಣ ಗೊತ್ತಾಗುತ್ತದೆ. ಯಾವ ಪಿಕ್ ಆದರೂ ಸವೆಯುತ್ತೆ. ದಿನಾ ಅರ್ಧ ಗಂಟೆಯ ಲೆಕ್ಕದಲ್ಲಿ ನನಗೆ ಒಂದೊಂದು ಪಿಕ್ ಸುಮಾರು ಮೂರು ತಿಂಗಳು ಬಂತು, ತುದಿ ಮೊಂಡಾದಾಗ ಶಬ್ದವೂ ಮಂಕಾಗುತ್ತದೆ. ನನ್ನ ಕೈ ಜಾಸ್ತಿ ಬೆವರುತ್ತದೆ, ಏಪ್ರಿಲ್‌ನಲ್ಲಿ ಉಬ್ಬು ಅಕ್ಷರ ಇದ್ದರೂ ಜಾರುತ್ತದೆ. ಸೂಜಿಯಿಂದ ಎರಡೂ ಕಡೆ ನಾಲ್ಕು ಗೀರು ಹಾಕಿಕೊಂಡೆ, ಸಾಕಾಯಿತು. ದೊಡ್ಡ ಬೆರಳಿನವರು ಎಕ್ಸ್‌ಎಲ್ ನೋಡಿ, ಆಕಾರ ಅದೇ, ಅಳತೆ ಮಾಮೂಲಿ ಪಿಕ್‌ನಷ್ಟು. ಸ್ಟ್ರಮ್ಮಿಂಗೇ ಜಾಸ್ತಿ ಮಾಡುವವರು ತಗೋಬೇಡಿ, ತಂತಿಗೆ ಹೊಡೆದ ಹಾಗೆ ಕೇಳುತ್ತೆ.

ಇವತ್ತಿನ ಲೆಕ್ಕ: ಒಂದೇ ತಂತಿಯಲ್ಲಿ 148, ನಾಲ್ಕು-ನಾಲ್ಕು ಸರಳೆ 132, ಮೂರು-ಮೂರು ಸರಳೆ 116. ನಿನ್ನೆ 118ಕ್ಕೆ ಹಾಕಿ ನೋಡಿದೆ. ಗ ದಲ್ಲೇ ನಿಂತಿತು.